ಅಕ್ಷರಭೇದ ನೋಡದೆ ಹುಡುಕುವ ಪಾರ್ಸರ್‌ನಲ್ಲಿ 19200 ಕಿಲೋ ತೂಕ 200 ಆಗುವುದೇಕೆ?

ಪ್ರಶ್ನೆ: ಹಾರಂಗಿತೀರ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಕಚೇರಿಯಲ್ಲಿ ರಫ್ತಿನ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೊರದೇಶದ ಖರೀದಿದಾರರು ಮತ್ತು ಅವರ ಏಜೆಂಟರು ಕಳುಹಿಸುವ ಪಠ್ಯ ಕಡತಗಳನ್ನು ಓದಿ ಊರು, ಗ್ರೇಡ್, ತೂಕ ಮೊದಲಾದವನ್ನು ಡೇಟಾಬೇಸಿಗೆ ಸೇರಿಸುವ ಪೈಥಾನ್ ಪ್ರೋಗ್ರಾಂ, ಅಂದರೆ ಪಾರ್ಸರ್, ಒಂದು ನಮ್ಮಲ್ಲಿದೆ. ಪ್ರತಿ ಸಾಲಿನಲ್ಲಿ ಕೀಲಿಪದ, ಸಮಚಿಹ್ನೆ, ಬೆಲೆ (ದರವಲ್ಲ, ಆ ಕೀಲಿಪದಕ್ಕೆ ಸೇರಿದ ಮಾಹಿತಿ) ಎಂಬ ಜೋಡಿಗಳಿರುತ್ತವೆ; ಜೋಡಿಗಳ ನಡುವೆ ಅರ್ಧವಿರಾಮ ಇರುತ್ತದೆ. ಕೆಲವರು ಕೀಲಿಪದಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯುತ್ತಾರೆ, ಕೆಲವರು ಸಣ್ಣಕ್ಷರಗಳಲ್ಲಿ. ಆದ್ದರಿಂದ ಪ್ರೋಗ್ರಾಂ ಇಡೀ ಸಾಲಿಗೆ 'ಲೋವರ್' (ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸುವ ಆದೇಶ) ಹಾಕಿ, ಆ ಪ್ರತಿಯಲ್ಲಿ 'ನೆಟ್‌ವೇಟ್' ಎಂಬ ಕೀಲಿಪದ ಎಲ್ಲಿದೆ ಎಂದು 'ಫೈಂಡ್' ಮೂಲಕ ಹುಡುಕಿ, ಸಿಕ್ಕಿದ ಸ್ಥಾನವನ್ನು ಬಳಸಿ ಮೂಲ ಸಾಲಿನಿಂದ ತೂಕವನ್ನು ಕತ್ತರಿಸಿಕೊಳ್ಳುತ್ತದೆ. ಖರೀದಿದಾರರ ಹೆಸರುಗಳು ಅವರು ಬರೆದಂತೆಯೇ ಉಳಿಯಬೇಕೆಂಬ ಕಾರಣಕ್ಕೆ ಮೂಲ ಸಾಲಿನಿಂದ ಕತ್ತರಿಸುವ ಏರ್ಪಾಡು ಮಾಡಲಾಗಿದೆ.

ಇಟಲಿ, ಬೆಲ್ಜಿಯಂ ಕಡೆಯ ಸಾಲುಗಳು ಸರಿಯಾಗಿಯೇ ಬರುತ್ತಿವೆ. ಟರ್ಕಿಯ ಇಜ್ಮಿರ್ ನಗರದ ಸಾಲುಗಳಲ್ಲಿ ಮಾತ್ರ 19200 ಎಂಬ ತೂಕ 200 ಎಂದು ದಾಖಲಾಗುತ್ತಿದೆ. ಅರವತ್ತು ಕಿಲೋದ 320 ಮೂಟೆ, ಅಂದರೆ ಇಪ್ಪತ್ತಡಿ ಕಂಟೇನರಿನ ಒಂದು ಪೂರ್ಣ ಲೋಡ್, ನಮ್ಮ ಲೆಕ್ಕದಲ್ಲಿ ನಾಲ್ಕು ಮೂಟೆಗೂ ಕಡಿಮೆಯಾಗಿ ಕಾಣಿಸುತ್ತದೆ. 'ಲೋವರ್' ಬದಲು 'ಕೇಸ್‌ಫೋಲ್ಡ್' (ಹೋಲಿಕೆಗಾಗಿ ಅಕ್ಷರಭೇದವನ್ನು ಅಳಿಸುವ ಆದೇಶ) ಬಳಸಿ ಎಂದು ಪರಿಚಯದವರು ಹೇಳಿದಂತೆ ಬದಲಿಸಿದೆ. ಇಜ್ಮಿರ್ ಸಾಲುಗಳು ಹಾಗೆಯೇ ಉಳಿದವು. ಜೊತೆಗೆ ಅಲ್ಲಿಯವರೆಗೆ ಸರಿಯಿದ್ದ ಜರ್ಮನಿಯ ಕೆಲವು ಸಾಲುಗಳಲ್ಲಿ ತೂಕ 9200 ಎಂದು ಬರತೊಡಗಿತು.

ಇನ್ನೊಂದು ತೊಂದರೆಯೂ ಇದೆ. ಇದೇ ಕಡತಗಳನ್ನು ಪರಿಶೀಲಿಸುವ ಚಿಕ್ಕ ಜಾವಾ ಪ್ರೋಗ್ರಾಂ ಒಂದನ್ನು ಟರ್ಕಿಯ ಏಜೆಂಟರ ಕಚೇರಿಗೂ ಕೊಟ್ಟಿದ್ದೇವೆ. ದೊಡ್ಡಕ್ಷರದಲ್ಲಿರುವ 'ಒರಿಜಿನ್' ಎಂಬ ಕೀಲಿಪದವನ್ನು ಅದು ಇಲ್ಲಿ ಗುರುತಿಸುತ್ತದೆ, ಅಲ್ಲಿ ಗುರುತಿಸುವುದಿಲ್ಲ. ಕಡತವೂ ಒಂದೇ, ಪ್ರೋಗ್ರಾಮೂ ಒಂದೇ. ಇವೆರಡಕ್ಕೂ ಮೂಲ ಒಂದೇ ಇರಬಹುದೇ? ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಬ್ರಹ್ಮಗಿರಿ

ಹಾರಂಗಿತೀರ ಅವರೇ, ಮೂಲ ಒಂದೇ ಅಲ್ಲದಿದ್ದರೂ ಎರಡೂ ತೊಂದರೆಗಳು ನಂಟಿನವು. ತೂಕದ ವಿಚಾರವನ್ನು ಮೊದಲು ತೆಗೆದುಕೊಳ್ಳುತ್ತೇನೆ; ದುಡ್ಡಿನ ಲೆಕ್ಕ ಕೆಡುವುದು ಅಲ್ಲಿಯೇ.

ಟರ್ಕಿಶ್ ಭಾಷೆಯಲ್ಲಿ 'ಐ' ಎಂಬ ರೋಮನ್ ಅಕ್ಷರ ಎರಡು ಬಗೆಯದು: ಚುಕ್ಕೆಯಿರುವುದು ಮತ್ತು ಚುಕ್ಕೆಯಿಲ್ಲದ್ದು. ಎರಡಕ್ಕೂ ಬೇರೆಬೇರೆ ದೊಡ್ಡಕ್ಷರ, ಸಣ್ಣಕ್ಷರಗಳಿವೆ. ಇಜ್ಮಿರ್ ಎಂಬ ಹೆಸರನ್ನು ಅವರು ದೊಡ್ಡಕ್ಷರಗಳಲ್ಲಿ ಬರೆದಾಗ ಚುಕ್ಕೆಯಿರುವ ದೊಡ್ಡ ಐ ಎರಡು ಸಲ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಈ ಅಕ್ಷರದ ಸಂಖ್ಯೆ 0130. ಯಾವ ಭಾಷೆಯೆಂದು ಹೇಳದೆ ಅದನ್ನು ಸಣ್ಣಕ್ಷರಕ್ಕೆ ಇಳಿಸಿದರೆ ಪೈಥಾನ್ ಒಂದರ ಬದಲು ಎರಡು ಕೋಡ್ ಪಾಯಿಂಟ್‌ಗಳನ್ನು (ಯುನಿಕೋಡ್ ಸಂಖ್ಯೆಗಳನ್ನು) ಕೊಡುತ್ತದೆ: ಸಾಮಾನ್ಯ ಸಣ್ಣ ಐ, ಅಂದರೆ 0069, ಮತ್ತು ಅದರ ಬೆನ್ನಿಗೆ ಮೇಲ್ಚುಕ್ಕೆಯ ಚಿಹ್ನೆ 0307. ಇದು ಪೈಥಾನಿನ ದೋಷವಲ್ಲ. ಸಣ್ಣಕ್ಷರವನ್ನು ಮತ್ತೆ ದೊಡ್ಡಕ್ಷರ ಮಾಡಿದಾಗ ಮೂಲಕ್ಕೆ ಸಮಾನವಾದ ರೂಪವೇ ಸಿಗಬೇಕು, ಚುಕ್ಕೆ ಕಳೆದುಹೋಗಬಾರದು ಎಂಬ ಉದ್ದೇಶದಿಂದ ಯುನಿಕೋಡ್ ಕೋಷ್ಟಕವೇ ಹಾಗೆ ವಿಧಿಸುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ಮೂಲದಲ್ಲಿ ಐದು ಕೋಡ್ ಪಾಯಿಂಟ್ ಇದ್ದ ಊರಿನ ಹೆಸರು ಇಳಿಸಿದ ಪ್ರತಿಯಲ್ಲಿ ಏಳಾಗುತ್ತದೆ. ಅದರ ನಂತರ ಬರುವ ಪ್ರತಿಯೊಂದೂ ಎರಡು ಸ್ಥಾನ ಮುಂದಕ್ಕೆ ಸರಿಯುತ್ತದೆ. 'ನೆಟ್‌ವೇಟ್' ಸಿಕ್ಕಿದ ಸ್ಥಾನ ಪ್ರತಿಯದ್ದು, ಕತ್ತರಿ ಬಿದ್ದದ್ದು ಮೂಲಕ್ಕೆ. ಸಮಚಿಹ್ನೆಯ ನಂತರದ ಎರಡು ಅಂಕಿಗಳಾದ 1 ಮತ್ತು 9 ಹೀಗೆ ಬಿದ್ದುಹೋಗಿ 200 ಉಳಿಯಿತು. ಜರ್ಮನ್ ವಿಳಾಸಗಳಲ್ಲಿ ಬೀದಿ ಎಂಬ ಅರ್ಥದ ಪದದಲ್ಲಿ 'ಎಸ್‌ತ್ಸೆಟ್' ಎಂಬ ಅಕ್ಷರ ಬರುತ್ತದೆ. 'ಲೋವರ್' ಅದನ್ನು ಮುಟ್ಟುವುದಿಲ್ಲ, ಅದು ಆಗಲೇ ಸಣ್ಣಕ್ಷರ. 'ಕೇಸ್‌ಫೋಲ್ಡ್' ಮಾತ್ರ ಅದನ್ನು ಎರಡು ಎಸ್‌ಗಳಾಗಿ ಬಿಡಿಸುತ್ತದೆ. ಒಂದು ಸ್ಥಾನ ಸರಿದು, ಒಂದು ಅಂಕಿ ಹೋಗಿ, 9200 ಆಯಿತು.

ಎರಡು ಸಾಲುಗಳ ಉದ್ದದ ವ್ಯತ್ಯಾಸವನ್ನು ಕಳೆದು ಸರಿಮಾಡಿಕೊಳ್ಳೋಣ ಎಂದು ಹೊರಡಬೇಡಿ. ಉದ್ದ ಬದಲಾಯಿಸುವ ಅಕ್ಷರ ಕೀಲಿಪದದ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು. ವ್ಯತ್ಯಾಸದ ದಿಕ್ಕು ಕೂಡ ಒಂದು ಪ್ರೋಗ್ರಾಮಿಂಗ್ ಭಾಷೆಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಗೋ ಭಾಷೆ ಇದೇ 0130ನ್ನು ಒಂದೇ ಸಣ್ಣ ಐ ಆಗಿ ಇಳಿಸುತ್ತದೆ. ಅಲ್ಲಿ ಸ್ಟ್ರಿಂಗ್‌ನ (ಪಠ್ಯದ ತುಂಡಿನ) ಸ್ಥಾನಗಳು ಬೈಟ್‌ಗಳ ಲೆಕ್ಕದಲ್ಲಿರುವುದರಿಂದ, ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಎರಡು ಬೈಟ್ ಇದ್ದದ್ದು ಒಂದಾಗಿ, ಎಲ್ಲವೂ ಹಿಂದಕ್ಕೆ ಸರಿಯುತ್ತದೆ. ರಸ್ಟ್ ಭಾಷೆಯಲ್ಲಿ ಹೀಗೆ ತಪ್ಪಿದ ಸ್ಥಾನ ಒಂದು ಅಕ್ಷರದ ಬೈಟ್‌ಗಳ ನಡುವೆ ಬಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಂತುಹೋಗುತ್ತದೆ. ತಪ್ಪು ತೂಕವನ್ನು ಮೌನವಾಗಿ ದಾಖಲಿಸುವುದಕ್ಕಿಂತ ಅದೇ ವಾಸಿ ಎಂದು ನನ್ನ ಅಭಿಪ್ರಾಯ.

ಪರಿಹಾರ ಸರಳವಾಗಿದೆ. ಮೊದಲು ಮೂಲ ಸಾಲನ್ನೇ ಅರ್ಧವಿರಾಮದಲ್ಲಿ ಒಡೆಯಿರಿ. ಬಳಿಕ ಪ್ರತಿ ತುಂಡನ್ನು ಮೊದಲ ಸಮಚಿಹ್ನೆಯಲ್ಲಿ ಎರಡು ಮಾಡಿ. ಈ ಎರಡು ಚಿಹ್ನೆಗಳಿಗೆ ದೊಡ್ಡದು, ಸಣ್ಣದು ಎಂಬುದಿಲ್ಲ. ಎಡಗಡೆಯ ಕೀಲಿಪದವನ್ನು ಮಾತ್ರ ಇಳಿಸಿ ಹೋಲಿಸಿ, ಬಲಗಡೆಯ ಬೆಲೆಯನ್ನು ಮುಟ್ಟಬೇಡಿ. ಪ್ರತಿಯಲ್ಲಿ ಸಿಕ್ಕ ಸ್ಥಾನದಿಂದ ಮೂಲವನ್ನು ಕತ್ತರಿಸುವ ಪ್ರಸಂಗವೇ ಆಗ ಬರುವುದಿಲ್ಲ. ಇಡೀ ಸಾಲಿನಲ್ಲಿ ಹುಡುಕುವ ಪದ್ಧತಿಗೆ ಇನ್ನೂ ಒಂದು ಅಪಾಯವಿದೆ: ಖರೀದಿದಾರರ ಷರಾದೊಳಗೆ 'ನೆಟ್‌ವೇಟ್' ಮತ್ತು ಸಮಚಿಹ್ನೆ ಬಂದರೆ ಪ್ರೋಗ್ರಾಂ ಅದನ್ನೇ ಕೀಲಿಪದವೆಂದು ಹಿಡಿಯುತ್ತದೆ.

ಉತ್ತರ: ಏಲಕ್ಕಿಮಲೆ

ಬ್ರಹ್ಮಗಿರಿ ಅವರು ತೂಕದ ವಿಚಾರವನ್ನು ಪೂರ್ಣವಾಗಿ ಹೇಳಿದ್ದಾರೆ. ಜಾವಾದ ಬಗ್ಗೆ ನಾನು ಬರೆಯುತ್ತೇನೆ.

ಜಾವಾದ 'ಟುಲೋವರ್‌ಕೇಸ್' ಆವರಣದಲ್ಲಿ ಏನನ್ನೂ ಕೊಡದಿದ್ದರೆ ಅದು ಯಂತ್ರದ ಲೊಕೇಲ್ (ಭಾಷೆ ಮತ್ತು ಪ್ರದೇಶದ ಹೊಂದಿಕೆ) ಅನ್ನು ನೋಡುತ್ತದೆ. ಟರ್ಕಿಶ್ ಲೊಕೇಲ್ ಇರುವ ಯಂತ್ರದಲ್ಲಿ ಸಾಮಾನ್ಯ ದೊಡ್ಡ ಐ, ಅಂದರೆ 0049, ಚುಕ್ಕೆಯಿಲ್ಲದ ಸಣ್ಣ ಐ ಆಗಿ, ಅಂದರೆ 0131 ಆಗಿ ಇಳಿಯುತ್ತದೆ. 'ಒರಿಜಿನ್' ಎಂಬ ಪದದಲ್ಲಿ ಅಂಥ ಐ ಎರಡಿವೆ. ಇಳಿಸಿದ ರೂಪವು ನಿಮ್ಮ ಪಟ್ಟಿಯಲ್ಲಿರುವ ರೂಪಕ್ಕೆ ಹೊಂದುವುದೇ ಇಲ್ಲ. 'ಇನ್‌ವಾಯ್ಸ್' ಎಂಬ ಕೀಲಿಪದ ಇದ್ದರೆ ಅದೂ ಹಾಗೆಯೇ ತಪ್ಪಿಸಿಕೊಳ್ಳುತ್ತದೆ, 'ನೆಟ್‌ವೇಟ್' ಅನ್ನು ನೀವು ಚುಟುಕಾಗಿ ಐ ಇಲ್ಲದೆ ಬರೆದಿದ್ದರೆ ಅದು ಪಾರಾಗುತ್ತದೆ. ಕೆಲವು ಕೀಲಿಪದಗಳು ನಡೆದು ಕೆಲವು ನಡೆಯದೆ ಇರುವುದರಿಂದ ಕಾರಣ ಹುಡುಕುವುದು ಇನ್ನಷ್ಟು ಕಷ್ಟವಾಗುತ್ತದೆ. ಜಾವಾದ ಅಧಿಕೃತ ದಸ್ತಾವೇಜಿನಲ್ಲಿಯೇ ಈ ಎಚ್ಚರಿಕೆ 'ಟೈಟಲ್' ಎಂಬ ಪದದ ಉದಾಹರಣೆಯೊಂದಿಗೆ ಇದೆ. 'ಲೊಕೇಲ್ ರೂಟ್' ಎಂಬುದನ್ನು ಆವರಣದಲ್ಲಿ ಕೊಟ್ಟರೆ ಯಂತ್ರ ಎಲ್ಲಿದ್ದರೂ ಫಲಿತಾಂಶ ಒಂದೇ ಆಗಿರುತ್ತದೆ.

ಆದರೂ ಕೀಲಿಪದಗಳಿಗೆ ನಾನು ಇನ್ನೂ ಬಿಗಿಯಾದ ನಿಯಮವನ್ನೇ ಹೇಳುತ್ತೇನೆ. ನಿಮ್ಮ ಕೀಲಿಪದಗಳೆಲ್ಲ ಆಸ್ಕಿಯ, ಅಂದರೆ ಇಂಗ್ಲಿಷಿನ ಮೂಲ ಅಕ್ಷರಸಂಕೇತದ, ಇಪ್ಪತ್ತಾರು ಅಕ್ಷರಗಳಲ್ಲಿಯೇ ಇರುವಾಗ ಆ ಇಪ್ಪತ್ತಾರಕ್ಕೆ ಮಾತ್ರ ಭೇದವನ್ನು ಮರೆಯುವುದು ಸಾಕು. ಎಚ್‌ಟಿಎಂಎಲ್ ಮಾನದಂಡವು ಟ್ಯಾಗ್‌ಗಳ ಹೆಸರಿಗೆ ಇದನ್ನೇ ವಿಧಿಸುತ್ತದೆ, ಸಿಎಸ್‌ಎಸ್ ಕೀಲಿಪದಗಳಿಗೂ ಇದೇ ನಿಯಮ. ಡೊಮೇನ್ ಹೆಸರುಗಳ ಹೋಲಿಕೆಯೂ ಆಸ್ಕಿ ಅಕ್ಷರಗಳ ಮಟ್ಟಿಗೆ ಮಾತ್ರ ಭೇದವನ್ನು ಮರೆಯುತ್ತದೆ. ಪೈಥಾನ್ 3.7ರಿಂದ ಸ್ಟ್ರಿಂಗ್‌ಗೆ 'ಈಸ್‌ಆಸ್ಕಿ' ಎಂಬ ಪರೀಕ್ಷೆ ಇದೆ. ಕೀಲಿಪದವು ಅದರಲ್ಲಿ ತೇರ್ಗಡೆಯಾದ ಮೇಲೆಯೇ ಇಳಿಸಿ, ಆಗದಿದ್ದರೆ ಸಾಲಿನ ಸಂಖ್ಯೆಯೊಂದಿಗೆ ದೋಷವೆಂದು ತೋರಿಸಿ.

ಇಷ್ಟು ಬಿಗಿ ಏಕೆಂದರೆ, ಕೆಲ್ವಿನ್ ಉಷ್ಣತಾಮಾನಕ್ಕೆ ಯುನಿಕೋಡಿನಲ್ಲಿ 212ಎ ಎಂಬ ಪ್ರತ್ಯೇಕ ಚಿಹ್ನೆ ಇದ್ದು, ನೋಡಲು ಅದು ದೊಡ್ಡ ಕೆ ಅಕ್ಷರದಂತೆಯೇ ಇರುತ್ತದೆ ಮತ್ತು ಇಳಿಸಿದಾಗ ಸಾಮಾನ್ಯ ಸಣ್ಣ ಕೆ ಆಗಿಬಿಡುತ್ತದೆ. ಹಳೆಯ ಮುದ್ರಣಗಳ 'ಉದ್ದ ಎಸ್', ಅಂದರೆ 017ಎಫ್, ದೊಡ್ಡಕ್ಷರವಾದಾಗ ಸಾಮಾನ್ಯ ಎಸ್ ಆಗುತ್ತದೆ. ನಿಮ್ಮ ಕಡತದಲ್ಲಿ 'ಬ್ಯಾಂಕ್' ಎಂಬ ಕೀಲಿಪದವಿದೆ ಎಂದುಕೊಳ್ಳಿ. ಯಾರೋ ಸಾಲಿನ ಕೊನೆಗೆ ಕೆಲ್ವಿನ್ ಚಿಹ್ನೆ ಬಳಸಿ ಬರೆದ ಎರಡನೆಯ 'ಬ್ಯಾಂಕ್' ಸೇರಿಸಿದರೆ, ಬೈಟ್‌ಗಳನ್ನು ಹೋಲಿಸುವ ಪರಿಶೀಲನಾ ಪ್ರೋಗ್ರಾಂ ಅದನ್ನು ಅಪರಿಚಿತ ಕೀಲಿಯೆಂದು ಬಿಟ್ಟುಬಿಡುತ್ತದೆ. ಪಾವತಿ ಮಾಡುವ ಪ್ರೋಗ್ರಾಂ ಯುನಿಕೋಡ್ ರೀತಿಯಲ್ಲಿ ಹೋಲಿಸಿ, ಕೊನೆಯಲ್ಲಿ ಬಂದದ್ದೇ ಸರಿಯೆಂದು ಆ ಖಾತೆಯನ್ನು ತೆಗೆದುಕೊಳ್ಳುತ್ತದೆ. ಇದು ಕಲ್ಪನೆಯ ಮಾತಲ್ಲ. ಗೋ ಭಾಷೆಯಲ್ಲಿ ಜೇಸನ್ (ಮಾಹಿತಿ ವಿನಿಮಯದ ಒಂದು ಪಠ್ಯರೂಪ) ಓದುವ ಗ್ರಂಥಾಲಯ ಸ್ಟ್ರಕ್ಟ್‌ನ (ದಾಖಲೆಯ) ಕ್ಷೇತ್ರಗಳನ್ನು ಗುರುತಿಸುವುದು ಅಕ್ಷರಭೇದ ನೋಡದೆಯೇ, ಮತ್ತು ಕೆಲ್ವಿನ್ ಚಿಹ್ನೆಯನ್ನು ಅದು ಕೆ ಎಂದೇ ಒಪ್ಪುತ್ತದೆ.

ಹಾರಂಗಿತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾಲನ್ನು ಮೊದಲು ಒಡೆಯುವ ಕ್ರಮಕ್ಕೆ ಪ್ರೋಗ್ರಾಂ ಅನ್ನು ಬದಲಿಸುತ್ತಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಖರೀದಿದಾರರ ಹೆಸರು ನಮ್ಮ ಪಟ್ಟಿಯಲ್ಲಿದೆಯೇ ಎಂದು ನೋಡುವಾಗ ಆಸ್ಕಿಯ ನಿಯಮ ಸಾಲುವುದಿಲ್ಲ. ಅಲ್ಲಿ ಏನು ಮಾಡಬೇಕು? ಮತ್ತು ಮುಂದೆ ಬೆಳೆಗಾರರ ಪಟ್ಟಿಯನ್ನು ಕನ್ನಡದಲ್ಲಿ ತರುವ ಯೋಚನೆಯಿದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲದಿರುವುದರಿಂದ ಅಲ್ಲಿ ಈ ಚಿಂತೆಯೇ ಬೇಡವಲ್ಲವೇ?

ಉತ್ತರ: ಬ್ರಹ್ಮಗಿರಿ

ಖರೀದಿದಾರರ ಹೆಸರುಗಳ ವಿಚಾರಕ್ಕೆ ಬರುತ್ತೇನೆ. ಅಲ್ಲಿ 'ಕೇಸ್‌ಫೋಲ್ಡ್' ಸರಿಯಾದ ಸಾಧನ, ಏಕೆಂದರೆ ಹೋಲಿಸುವುದಕ್ಕೆಂದೇ ಅದು ಹುಟ್ಟಿದ್ದು. ಪೈಥಾನಿಗೆ ಅದು 3.3ರಲ್ಲಿ ಬಂತು. ಎರಡೂ ಬದಿಯ ಹೆಸರುಗಳನ್ನು ಮೊದಲು ಒಂದೇ ಯುನಿಕೋಡ್ ರೂಪಕ್ಕೆ ತಂದು, ಆಮೇಲೆ ಮಡಚಿ, ಮತ್ತೊಮ್ಮೆ ಅದೇ ರೂಪಕ್ಕೆ ತಂದು ಹೋಲಿಸಬೇಕು. 'ಲೋವರ್' ಮತ್ತು 'ಅಪ್ಪರ್' ಎರಡೂ ಒಂದೇ ಉತ್ತರ ಕೊಡುತ್ತವೆ ಎಂದು ಭಾವಿಸಬಾರದು. ಚುಕ್ಕೆಯಿಲ್ಲದ ಸಣ್ಣ ಐ ಮತ್ತು ಸಾಮಾನ್ಯ ಸಣ್ಣ ಐ ಇಳಿಸಿದಾಗ ಬೇರೆಬೇರೆಯಾಗಿಯೇ ಉಳಿಯುತ್ತವೆ, ಏರಿಸಿದಾಗ ಎರಡೂ ಒಂದೇ ದೊಡ್ಡ ಐ ಆಗುತ್ತವೆ.

ಈ ವ್ಯತ್ಯಾಸದಿಂದ ದೊಡ್ಡ ಭದ್ರತಾ ಲೋಪವೇ ಆದದ್ದುಂಟು. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೊ ಚೌಕಟ್ಟಿನಲ್ಲಿ ಪಾಸ್‌ವರ್ಡ್ ಮರೆತವರು ಕೊಟ್ಟ ಇಮೇಲ್ ವಿಳಾಸವನ್ನು ಡೇಟಾಬೇಸ್ ಅಕ್ಷರಭೇದವಿಲ್ಲದೆ ಹೋಲಿಸುತ್ತಿತ್ತು. ಹೊಂದಿದ ಮೇಲೆ ಪತ್ರವನ್ನು ಖಾತೆಯಲ್ಲಿದ್ದ ವಿಳಾಸಕ್ಕೆ ಕಳುಹಿಸದೆ, ಕೇಳಿದವರು ಟೈಪ್ ಮಾಡಿದ ವಿಳಾಸಕ್ಕೆ ಕಳುಹಿಸುತ್ತಿತ್ತು. ನೋಟಕ್ಕೆ ಹೋಲುವ ಯುನಿಕೋಡ್ ಅಕ್ಷರವಿರುವ ವಿಳಾಸ ಮಾಡಿಕೊಂಡವರು ಬೇರೆಯವರ ಖಾತೆಯ ಕೀಲಿಯನ್ನೇ ಪಡೆಯಬಹುದಿತ್ತು. 2019ರ ಡಿಸೆಂಬರಿನಲ್ಲಿ ಅದನ್ನು ಸರಿಪಡಿಸಿದಾಗ ಹೋಲಿಕೆಯ ನಿಯಮವನ್ನು ಬಿಗಿ ಮಾಡಿದ್ದಷ್ಟೇ ಅಲ್ಲ, ಪತ್ರವನ್ನು ಖಾತೆಯಲ್ಲಿರುವ ವಿಳಾಸಕ್ಕೇ ಕಳುಹಿಸುವಂತೆಯೂ ಮಾಡಿದರು. ನಿಮ್ಮ ಕೆಲಸಕ್ಕೂ ಈ ಎರಡನೆಯ ಭಾಗವೇ ಮುಖ್ಯ: ಹೆಸರು ಹೊಂದಿದ ಮೇಲೆ ಬಿಲ್ಲಿನಲ್ಲಿ ನಿಮ್ಮ ಪಟ್ಟಿಯಲ್ಲಿರುವ ಹೆಸರನ್ನು, ನಿಮ್ಮ ಪಟ್ಟಿಯಲ್ಲಿರುವ ಖಾತೆಯನ್ನು ಬಳಸಿ.

ಟರ್ಕಿಯ ಹೆಸರುಗಳಿಗೆ 'ಕೇಸ್‌ಫೋಲ್ಡ್' ಕೂಡ ಪೂರ್ಣ ಉತ್ತರವಲ್ಲ. ಅವರ ಭಾಷೆಯ ನಿಯಮ ಹಾಕಿದರೆ ಅದೇ ಸಾಲಿನಲ್ಲಿರುವ 'ಇಂಡಿಯಾ' ಎಂಬ ಇಂಗ್ಲಿಷ್ ಪದ ಕೆಡುತ್ತದೆ, ಹಾಕದಿದ್ದರೆ ಅವರ ಹೆಸರು ಹೊಂದುವುದಿಲ್ಲ. ಪ್ರತಿ ಖರೀದಿದಾರರಿಗೂ ಅಂಕಿಗಳ ಒಂದು ಗ್ರಾಹಕ ಸಂಖ್ಯೆ ಕೊಟ್ಟು ಅದರಿಂದಲೇ ಗುರುತಿಸುವುದು ಉತ್ತಮ.

ರೆಜೆಕ್ಸ್ (ಮಾದರಿ ಕೊಟ್ಟು ಪಠ್ಯ ಹುಡುಕುವ ಸಾಧನ) ಬಳಸುವವರಿಗೆ ಒಂದು ಮಾತು. ಪೈಥಾನಿನ 'ಇಗ್ನೋರ್‌ಕೇಸ್' ಮೂಲ ಸಾಲಿನಲ್ಲಿಯೇ ಹುಡುಕುವುದರಿಂದ ಸ್ಥಾನಗಳು ತಪ್ಪುವುದಿಲ್ಲ. ಆದರೆ ಎ ಯಿಂದ ಝಡ್ ಎಂಬ ಗುಂಪು ಆಗ ಟರ್ಕಿಶ್ ಐ ಎರಡನ್ನೂ, ಉದ್ದ ಎಸ್ ಅನ್ನೂ, ಕೆಲ್ವಿನ್ ಚಿಹ್ನೆಯನ್ನೂ ಒಪ್ಪುತ್ತದೆ. 'ಆಸ್ಕಿ' ಎಂಬ ಸೂಚನೆಯನ್ನು ಜೊತೆಗೆ ಕೊಟ್ಟರೆ ಒಪ್ಪುವುದಿಲ್ಲ. ಜಾವಾದಲ್ಲಿ ಇದು ತಿರುವುಮುರುವು: ಅಲ್ಲಿನ ರೆಜೆಕ್ಸ್ ತಾನಾಗಿ ಆಸ್ಕಿಗೆ ಮಾತ್ರ ಭೇದ ಮರೆಯುತ್ತದೆ, ಯುನಿಕೋಡ್ ಬೇಕಿದ್ದರೆ ನಾವು ಕೇಳಬೇಕು. ಡೇಟಾಬೇಸ್‌ಗಳದ್ದೂ ಬೇರೆಬೇರೆ ದಾರಿ. ಎಸ್‌ಕ್ಯೂಲೈಟ್‌ನ 'ನೋಕೇಸ್' ಇಪ್ಪತ್ತಾರು ಅಕ್ಷರಗಳಿಗೆ ಸೀಮಿತ. ಮೈಎಸ್‌ಕ್ಯೂಎಲ್‌ನಲ್ಲಿ 'ಜನರಲ್' ಎಂಬ ಕೊಲೇಶನ್ (ಹೋಲಿಕೆಯ ನಿಯಮ) ಜರ್ಮನ್ ಎಸ್‌ತ್ಸೆಟ್ ಅನ್ನು ಒಂದು ಎಸ್‌ಗೆ ಸಮ ಎನ್ನುತ್ತದೆ, 'ಯುನಿಕೋಡ್' ಎಂಬುದು ಎರಡು ಎಸ್‌ಗೆ ಸಮ ಎನ್ನುತ್ತದೆ. ಹೋಲಿಕೆ ಪ್ರೋಗ್ರಾಮಿನಲ್ಲಿ ಒಂದು ಬಗೆ, ಡೇಟಾಬೇಸಿನಲ್ಲಿ ಇನ್ನೊಂದು ಬಗೆ ಆಗದಂತೆ ಎಲ್ಲಾದರೂ ಒಂದೇ ಕಡೆ ಇಟ್ಟುಕೊಳ್ಳಿ.

ಉತ್ತರ: ಮಾಲ್ದಾರೆ ಓದುಗ

ಕನ್ನಡದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೆಳೆಗಾರರ ಪಟ್ಟಿಗಳೊಂದಿಗೆ ಕೆಲಸ ಮಾಡಿರುವುದರಿಂದ ಇದು ನನಗೆ ಹತ್ತಿರದ ವಿಷಯ. ಕನ್ನಡದಲ್ಲಿ ಅಕ್ಷರಭೇದವಿಲ್ಲ ಎಂಬುದು ನಿಜ, 'ಕೇಸ್‌ಫೋಲ್ಡ್' ಕನ್ನಡ ಅಕ್ಷರಗಳನ್ನು ಬದಲಿಸುವುದಿಲ್ಲ ಎಂಬುದೂ ನಿಜ. ಚಿಂತೆ ಬೇಡ ಎಂಬ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಗೋಣಿಕೊಪ್ಪಲು ಎಂಬ ಹೆಸರನ್ನು ನೋಡಿ. ಸಾಮಾನ್ಯವಾಗಿ ಟೈಪ್ ಮಾಡಿದಾಗ ಅದರಲ್ಲಿ ಹನ್ನೊಂದು ಕೋಡ್ ಪಾಯಿಂಟ್‌ಗಳಿರುತ್ತವೆ. ಓಕಾರದ ಚಿಹ್ನೆಯನ್ನು ಯುನಿಕೋಡ್ ಪ್ರಕಾರ ಮೂರು ಭಾಗಗಳಾಗಿ, ಒಕಾರದ ಚಿಹ್ನೆಯನ್ನು ಎರಡು ಭಾಗಗಳಾಗಿ ಬಿಡಿಸಿಯೂ ಬರೆಯಬಹುದು. ಹಾಗೆ ಬಿಡಿಸಿದಾಗ ಅದೇ ಹೆಸರು ಹದಿನಾಲ್ಕಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸಿದರೆ ಬೇರೆ ಎಂದು ಬರುತ್ತದೆ. ಮ್ಯಾಕ್ ಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಪೊನ್ನಂಪೇಟೆ, ಸೋಮವಾರಪೇಟೆ ಎಂದು ಹೋಬಳಿವಾರು ಕಡತ ಮಾಡಿ, ಹೆಸರಿನಿಂದ ಅವನ್ನು ಹುಡುಕುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ಹೋಲಿಸುವ ಮೊದಲು ಎರಡೂ ಬದಿಯನ್ನು ಎನ್‌ಎಫ್‌ಸಿ (ಬಿಡಿಭಾಗಗಳನ್ನು ಕೂಡಿಸಿದ) ರೂಪಕ್ಕೆ ತಂದರೆ ಇದು ಪೂರ್ತಿ ಪರಿಹಾರವಾಗುತ್ತದೆ.

ಎನ್‌ಎಫ್‌ಸಿ ಮುಟ್ಟದ ವಿಷಯವೆಂದರೆ ಕಾಣದ ಎರಡು ಜೋಡಕಗಳು. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದೆ ಪೂರ್ಣವಾಗಿ ನಿಲ್ಲಲು ಶೂನ್ಯ ಅಗಲದ ಜೋಡಕ ಬೇಕು. 'ಎಸ್ಟೇಟ್‌ನ' ಎಂಬಲ್ಲಿ ನಕಾರ ಒತ್ತಕ್ಷರವಾಗಿ ಟಕಾರದ ಕೆಳಗೆ ಇಳಿಯದಿರಲು ಶೂನ್ಯ ಅಗಲದ ಬೇರ್ಪಡಕ ಬೇಕು. ಕೆಲವರ ಕೀಲಿಮಣೆ ಇವನ್ನು ಹಾಕುತ್ತದೆ, ಕೆಲವರದ್ದು ಹಾಕುವುದಿಲ್ಲ. ಯುನಿಕೋಡಿನ 'ಎನ್‌ಎಫ್‌ಕೆಸಿ ಕೇಸ್‌ಫೋಲ್ಡ್' ಎಂಬ ವಿಧಾನ ಇವೆರಡನ್ನೂ ಕಿತ್ತುಹಾಕುತ್ತದೆ. ಹುಡುಕುವುದಕ್ಕೆ ಅದು ಒಳ್ಳೆಯದು, ಆದರೆ ಕಿತ್ತುಹಾಕಿದ ರೂಪವನ್ನೇ ಉಳಿಸಿಕೊಂಡು ಪಾಸ್‌ಬುಕ್ಕಿನಲ್ಲಿ ಮುದ್ರಿಸಿದರೆ ಜನರ ಹೆಸರು, ತೋಟದ ಹೆಸರು ವಿರೂಪವಾಗುತ್ತವೆ. ಆದ್ದರಿಂದ ಕೋಷ್ಟಕದಲ್ಲಿ ಎರಡು ಅಂಕಣಗಳಿರಲಿ: ಬೆಳೆಗಾರರು ಬರೆದುಕೊಟ್ಟ ಹೆಸರು ಒಂದರಲ್ಲಿ, ಹುಡುಕಲು ಮಾತ್ರ ಬಳಸುವ ರೂಪ ಇನ್ನೊಂದರಲ್ಲಿ.

ಪೈಥಾನಿನ ರೆಜೆಕ್ಸ್‌ನಲ್ಲಿ 'ಪದಾಕ್ಷರ' ಎಂಬ ಗುಂಪು ಕನ್ನಡದ ಗುಣಿತ ಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಗೋಣಿಕೊಪ್ಪಲು ಎಂಬುದರಲ್ಲಿ ಅದು ಮೊದಲ ಗಕಾರಕ್ಕೇ ನಿಂತುಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಹಳೆಯ ಪಟ್ಟಿಗಳು. ನುಡಿ, ಬರಹ ತಂತ್ರಾಂಶಗಳ ಯುನಿಕೋಡೇತರ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ನಮ್ಮ ಸಹಕಾರ ಸಂಘಗಳಲ್ಲಿ, ಕಚೇರಿಗಳಲ್ಲಿ ಇನ್ನೂ ಸಾಕಷ್ಟು ಇವೆ. ಆ ಕಡತಗಳ ಒಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಸಂಖ್ಯೆಗಳು. ಫಾಂಟ್ ಅವುಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸಿ ತೋರಿಸುತ್ತದೆ. ಅಲ್ಲಿ ದೊಡ್ಡಕ್ಷರದ ಸ್ಥಾನದಲ್ಲಿ ಕನ್ನಡದ ಒಂದು ಆಕೃತಿ ಇದ್ದರೆ ಅದರ ಸಣ್ಣಕ್ಷರದ ಸ್ಥಾನದಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಇರುತ್ತದೆ. ಅಂಥ ಪಟ್ಟಿಯ ಮೇಲೆ 'ಲೋವರ್' ಓಡಿಸಿದರೆ ಹೆಸರುಗಳು ಬೇರೆಯೇ ಅಕ್ಷರಗಳಾಗುತ್ತವೆ, ಬೇರೆಬೇರೆ ಹೆಸರುಗಳು ಒಂದೇ ಆಗಲೂಬಹುದು, ಮತ್ತು ಬರೆದಿಟ್ಟ ಮೇಲೆ ಹಿಂದಿನ ರೂಪವನ್ನು ಮರಳಿ ಪಡೆಯಲು ದಾರಿಯಿಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒಂದೊಂದು ಹೆಸರನ್ನೂ ಬಲ್ಲವರಿಂದ ಓದಿಸಿ, ಆಮೇಲೆಯೇ ಹೋಲಿಕೆಯ ಮಾತು.

ಹಾರಂಗಿತೀರ

ಮಾಲ್ದಾರೆಯವರ ಮಾತು ಸಕಾಲದಲ್ಲಿ ಬಂತು. ನಮಗೆ ಕೊಡಲಿರುವ ಪಟ್ಟಿಗಳಲ್ಲಿ ಒಂದು ನುಡಿ ಫಾಂಟಿನದೇ ಆಗಿದೆ. ಪರಿವರ್ತನೆ ಆಗುವವರೆಗೆ ಅದನ್ನು ಪ್ರೋಗ್ರಾಮಿಗೆ ಕೊಡುವುದಿಲ್ಲ.

ಸಾಲನ್ನು ಮೊದಲು ಒಡೆಯುವ ಕ್ರಮದಲ್ಲಿ ಇಜ್ಮಿರ್ ಸಾಲುಗಳಿಗೂ ಜರ್ಮನಿಯ ಸಾಲುಗಳಿಗೂ 19200 ಸರಿಯಾಗಿ ಬರುತ್ತಿದೆ. ಆಸ್ಕಿ ಪರೀಕ್ಷೆ ಹಾಕಿದ ಮೇಲೆ ಒಂದು ಹೊಸ ಸಂಗತಿ ಕಂಡಿತು: ಕೆಲವು ಕಡತಗಳಲ್ಲಿ ಮೊದಲ ಸಾಲಿನ ಮೊದಲ ಕೀಲಿಪದ ಮಾತ್ರ ಆಸ್ಕಿ ಅಲ್ಲವೆಂದು ತಿರಸ್ಕೃತವಾಗುತ್ತಿದೆ. ಕಣ್ಣಿಗೆ ಅದರಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಉತ್ತರ: ಏಲಕ್ಕಿಮಲೆ

ಅದು ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದಂತೆ ಕೂತಿರುವ ಬೈಟ್ ಕ್ರಮದ ಗುರುತು. ವಿಂಡೋಸ್‌ನ ಕೆಲವು ಪ್ರೋಗ್ರಾಂಗಳು ಯುಟಿಎಫ್-8 ಕಡತ ಉಳಿಸುವಾಗ ಮೊದಲಿಗೆ ಅದನ್ನು ಸೇರಿಸುತ್ತವೆ. ಹಿಂದಿನ ಪ್ರೋಗ್ರಾಂ ಸಾಲಿನೊಳಗೆ ಎಲ್ಲಿದ್ದರೂ ಕೀಲಿಪದವನ್ನು ಹುಡುಕುತ್ತಿದ್ದುದರಿಂದ ಅದು ಗಮನಕ್ಕೆ ಬಂದಿರಲಿಲ್ಲ. ಕಡತ ತೆರೆಯುವಾಗ ಎನ್‌ಕೋಡಿಂಗ್ ಹೆಸರನ್ನು 'ಯುಟಿಎಫ್-8-ಸಿಗ್' ಎಂದು ಕೊಡಿ. ಗುರುತು ಇದ್ದರೆ ಪೈಥಾನ್ ಅದನ್ನು ತೆಗೆದುಹಾಕುತ್ತದೆ, ಇಲ್ಲದಿದ್ದರೆ ಕಡತವನ್ನು ಇದ್ದಂತೆಯೇ ಓದುತ್ತದೆ. ಆಸ್ಕಿ ಪರೀಕ್ಷೆಯನ್ನು ಮಾತ್ರ ಸಡಿಲಿಸಬೇಡಿ.